ಇಂಗ್ಲೆಂಡಿನಲ್ಲಿ ಫುಟ್‌ಬಾಲ್ ಸೀಸನ್ ಟಿಕೆಟ್: ಹಣ ಕಟ್ಟುವ ಮೊದಲು ಮಾಡಬೇಕಾದ ಲೆಕ್ಕ

ಲಂಡನ್, ರೆಡಿಂಗ್, ಬರ್ಮಿಂಗ್‌ಹ್ಯಾಮ್, ಮ್ಯಾಂಚೆಸ್ಟರ್ ಮುಂತಾದ ಊರುಗಳಿಗೆ ಕೆಲಸದ ಮೇಲೆ ಬಂದು ಕೆಲವು ವರ್ಷ ನೆಲೆಸುವ ಕನ್ನಡಿಗರಲ್ಲಿ ಬಹಳ ಜನಕ್ಕೆ ಫುಟ್‌ಬಾಲಿನ ಗೀಳು ಇಲ್ಲಿಗೆ ಬರುವ ಮೊದಲೇ ಹತ್ತಿರುತ್ತದೆ. ಬೆಂಗಳೂರಿನಲ್ಲೋ ಮಂಗಳೂರಿನಲ್ಲೋ ಟಿ.ವಿ. ಮುಂದೆ ಕುಳಿತು ನೋಡುತ್ತಿದ್ದ ಕ್ರೀಡಾಂಗಣಕ್ಕೆ ಈಗ ಮನೆಯಿಂದ ರೈಲಿನಲ್ಲಿ ಹೋಗಿಬರಬಹುದು ಎಂದಾದಾಗ, ಇಡೀ ಋತುವಿಗೆ ಒಂದು ಆಸನವನ್ನೇ ಕೊಂಡುಬಿಡೋಣ ಎನಿಸುವುದು ಸಹಜ. ಆ ಆಸೆಯನ್ನು ತಡೆಯುವುದು ಈ ಲೇಖನದ ಉದ್ದೇಶವಲ್ಲ. ಆದರೆ ನೂರಾರು ಪೌಂಡ್‌ಗಳನ್ನು ಒಮ್ಮೆಗೇ ಕೊಡುವ ಮೊದಲು, ಆ ಹಣಕ್ಕೆ ಪ್ರತಿಯಾಗಿ ಕ್ಲಬ್ಬು ನಿಜವಾಗಿ ಏನನ್ನು ಕೊಡುತ್ತದೆ ಎಂಬುದನ್ನು ತಿಳಿದುಕೊಳ್ಳುವುದು ಅಗತ್ಯ.

ಸೀಸನ್ ಟಿಕೆಟ್ ಕೊಂಡಾಗ ನಮಗೆ ಎರಡು ಬೇರೆ ಬೇರೆ ವಸ್ತುಗಳು ಸಿಗುತ್ತವೆ. ಒಂದು, ಆ ವರ್ಷದ ತವರಿನ, ಅಂದರೆ ಕ್ಲಬ್ಬಿನ ಸ್ವಂತ ಕ್ರೀಡಾಂಗಣದ, ಪಂದ್ಯಗಳಿಗೆ ಪ್ರವೇಶ. ಇನ್ನೊಂದು, ಮುಂದಿನ ವರ್ಷವೂ ಅದೇ ಆಸನವನ್ನು ಬೇರೆಯವರಿಗಿಂತ ಮೊದಲು ಪಡೆಯುವ ಹಕ್ಕು. ದೊಡ್ಡ ಕ್ಲಬ್ಬುಗಳಲ್ಲಿ ಈ ಎರಡನೆಯದೇ ಹೆಚ್ಚು ಬೆಲೆಬಾಳುತ್ತದೆ, ಮತ್ತು ಎರಡು ಮೂರು ವರ್ಷಗಳಲ್ಲಿ ಊರಿಗೆ ಮರಳುವವರಿಗೆ ಅದರಿಂದ ಸಿಗುವ ಪ್ರಯೋಜನ ಬಹಳ ಕಡಿಮೆ. ಮುಂದಿನ ಎಲ್ಲ ಹಂತಗಳಲ್ಲೂ ಈ ವ್ಯತ್ಯಾಸವನ್ನು ನೆನಪಿನಲ್ಲಿಡಿ.

ಯಾವ ಪಂದ್ಯಗಳು ಸೇರಿವೆ ಎಂದು ಓದಿಕೊಳ್ಳಿ

ಇಂಗ್ಲೆಂಡಿನ ಅತ್ಯುನ್ನತ ವಿಭಾಗವಾದ ಪ್ರೀಮಿಯರ್ ಲೀಗಿನಲ್ಲಿ 20 ತಂಡಗಳಿದ್ದು, ಪ್ರತಿ ತಂಡ 38 ಪಂದ್ಯಗಳನ್ನು ಆಡುತ್ತದೆ. ಅವುಗಳಲ್ಲಿ 19 ತವರಿನಲ್ಲಿ ನಡೆಯುತ್ತವೆ. ಅದರ ಕೆಳಗಿನ ಚಾಂಪಿಯನ್‌ಶಿಪ್, ಲೀಗ್ ಒನ್ ಮತ್ತು ಲೀಗ್ ಟೂ ವಿಭಾಗಗಳಲ್ಲಿ ತಲಾ 24 ತಂಡಗಳಿರುವುದರಿಂದ ತವರಿನ ಪಂದ್ಯಗಳು 23 ಆಗುತ್ತವೆ. ಸಾಮಾನ್ಯವಾಗಿ ಸೀಸನ್ ಟಿಕೆಟ್ ಎಂದರೆ ಈ ಲೀಗ್ ಪಂದ್ಯಗಳು ಮಾತ್ರ. ಸೋತವರು ಹೊರಬೀಳುವ ಎಫ್.ಎ. ಕಪ್, ಲೀಗ್ ಕಪ್ ಮತ್ತು ಯುರೋಪಿನ ಟೂರ್ನಿಗಳ ಪಂದ್ಯಗಳಿಗೆ ಹೆಚ್ಚಿನ ಕ್ಲಬ್ಬುಗಳು ಪ್ರತ್ಯೇಕವಾಗಿ ಹಣ ಪಡೆಯುತ್ತವೆ. ಆರ್ಸೆನಲ್ ಬಹಳ ವರ್ಷ 19 ಲೀಗ್ ಪಂದ್ಯಗಳ ಜೊತೆಗೆ ಏಳು ಕಪ್ ಪಂದ್ಯಗಳನ್ನೂ ಸೇರಿಸಿ 26 ಪಂದ್ಯಗಳಿಗೆ ಒಂದೇ ಬೆಲೆ ಇಡುತ್ತಿತ್ತು. ಹಾಗಾಗಿ ಆರ್ಸೆನಲ್ ಟಿಕೆಟ್ಟಿನ ಬೆಲೆಯನ್ನು ಬೇರೆ ಕ್ಲಬ್ಬಿನ ಬೆಲೆಯ ಪಕ್ಕದಲ್ಲಿಟ್ಟು ಯಾವುದು ದುಬಾರಿ ಎಂದು ಹೇಳುತ್ತಿದ್ದವರ ಮಾತಿನಲ್ಲಿ ಎಷ್ಟೋ ಸಲ ಅರ್ಧ ಸತ್ಯವಷ್ಟೇ ಇರುತ್ತಿತ್ತು. ಎರಡು ಕ್ಲಬ್ಬುಗಳನ್ನು ಹೋಲಿಸುವಾಗ ಮೊದಲು ಪಂದ್ಯಗಳ ಸಂಖ್ಯೆಯಿಂದ ಭಾಗಿಸಿ, ಆಮೇಲೆ ಬೆಲೆಯನ್ನು ನೋಡಬೇಕು.

ಇಲ್ಲಿ ಗಮನಿಸಬೇಕಾದ ಒಂದು ಷರತ್ತಿದೆ. ಅನೇಕ ಕ್ಲಬ್ಬುಗಳಲ್ಲಿ ಕಪ್ ಪಂದ್ಯಗಳಿಗೆ ಸ್ವಯಂಚಾಲಿತ ಯೋಜನೆ ಇರುತ್ತದೆ. ಅದಕ್ಕೆ ಒಪ್ಪಿಗೆ ಕೊಟ್ಟರೆ, ನಿಮ್ಮ ತಂಡಕ್ಕೆ ತವರಿನಲ್ಲಿ ಕಪ್ ಪಂದ್ಯ ಬಂದಾಗಲೆಲ್ಲ ನಿಮ್ಮನ್ನು ಕೇಳದೆಯೇ ಕಾರ್ಡಿನಿಂದ ಹಣ ಕಡಿತವಾಗುತ್ತದೆ. ಯುರೋಪಿನ ದೊಡ್ಡ ಕ್ಲಬ್ಬುಗಳ ಟೂರ್ನಿಯಾದ ಚಾಂಪಿಯನ್ಸ್ ಲೀಗಿನ ಸ್ವರೂಪ 2024–25ರಿಂದ ಬದಲಾಗಿದ್ದು, ಅರ್ಹತೆ ಪಡೆದ ಪ್ರತಿ ತಂಡಕ್ಕೆ ಲೀಗ್ ಹಂತದಲ್ಲೇ ಎಂಟು ಪಂದ್ಯಗಳಿವೆ. ಅಂದರೆ ತವರಿನಲ್ಲಿ ನಾಲ್ಕು ಪಂದ್ಯಗಳು ಖಚಿತ. ಅವೆಲ್ಲವೂ ವಾರದ ಮಧ್ಯೆ, ರಾತ್ರಿಯ ಹೊತ್ತು ನಡೆಯುತ್ತವೆ. ಅವುಗಳಿಗೆ ಹೋಗಲು ಸಾಧ್ಯವೇ ಎಂದು ಯೋಚಿಸದೆ ಆ ಯೋಜನೆಗೆ ಒಪ್ಪಿಗೆ ಕೊಡಬೇಡಿ.

ನೀವು ನಿಜವಾಗಿ ಎಷ್ಟು ಪಂದ್ಯಗಳಿಗೆ ಹೋಗುತ್ತೀರಿ?

ಇಡೀ ಲೆಕ್ಕದಲ್ಲಿ ಹೆಚ್ಚು ಜನ ತಪ್ಪುವುದು ಇಲ್ಲೇ. ಟಿಕೆಟ್ ಬೆಲೆಯನ್ನು 19ರಿಂದ ಭಾಗಿಸಿ, ಪಂದ್ಯಕ್ಕೆ ಇಷ್ಟೇ ಬೀಳುತ್ತದೆ ಎಂದು ಕ್ಲಬ್ಬಿನ ಜಾಹೀರಾತು ಹೇಳುತ್ತದೆ. ತಿಂಗಳ ಬಸ್ ಪಾಸಿನಂತೆ ಇದೂ ಬಳಸಿದಷ್ಟೇ ಅಗ್ಗವಾಗುತ್ತದೆ. ಆದ್ದರಿಂದ ನೀವು ಹೋಗಬಲ್ಲ ಪಂದ್ಯಗಳ ಸಂಖ್ಯೆಯಿಂದ ಭಾಗಿಸುವುದೇ ಸರಿಯಾದ ಕ್ರಮ.

ಪ್ರೀಮಿಯರ್ ಲೀಗ್ ತನ್ನ ವೇಳಾಪಟ್ಟಿಯನ್ನು ಸಾಮಾನ್ಯವಾಗಿ ಜೂನ್ ತಿಂಗಳಲ್ಲಿ ಪ್ರಕಟಿಸುತ್ತದೆ. ಆದರೆ ಆ ಪಟ್ಟಿಯಲ್ಲಿರುವ ದಿನ ಮತ್ತು ಹೊತ್ತು ಕೊನೆಯ ಮಾತಲ್ಲ. 2025–26ರಿಂದ ಜಾರಿಗೆ ಬಂದ ಪ್ರಸಾರ ಒಪ್ಪಂದದಂತೆ ಸ್ಕೈ ವಾಹಿನಿ ಕನಿಷ್ಠ 215 ಪಂದ್ಯಗಳನ್ನೂ ಟಿಎನ್‌ಟಿ 52 ಪಂದ್ಯಗಳನ್ನೂ ನೇರಪ್ರಸಾರ ಮಾಡುತ್ತವೆ. ಒಟ್ಟು 380 ಪಂದ್ಯಗಳಲ್ಲಿ ಇವು ಶೇ. 70ರಷ್ಟಾಗುತ್ತವೆ. ಇಂಗ್ಲೆಂಡಿನಲ್ಲಿ ಶನಿವಾರ ಮಧ್ಯಾಹ್ನ 2.45ರಿಂದ 5.15ರವರೆಗೆ ಯಾವ ಫುಟ್‌ಬಾಲ್ ಪಂದ್ಯವನ್ನೂ ನೇರಪ್ರಸಾರ ಮಾಡುವಂತಿಲ್ಲ. ಹಾಗಾಗಿ ಟಿ.ವಿ.ಗೆ ಆರಿಸಿದ ಪಂದ್ಯವನ್ನು ಶನಿವಾರ ಮೂರು ಗಂಟೆಯ ಹೊತ್ತಿನಿಂದ ತೆಗೆದು ಶುಕ್ರವಾರ ರಾತ್ರಿಗೋ, ಭಾನುವಾರಕ್ಕೋ, ಸೋಮವಾರ ರಾತ್ರಿ ಎಂಟಕ್ಕೋ ಹಾಕಲಾಗುತ್ತದೆ. ದೊಡ್ಡ ಕ್ಲಬ್ಬಾದಷ್ಟೂ ಟಿ.ವಿ.ಗೆ ಆಯ್ಕೆಯಾಗುವ ಪಂದ್ಯಗಳು ಹೆಚ್ಚು, ದಿನ ಬದಲಾಗುವ ಸಾಧ್ಯತೆಯೂ ಹೆಚ್ಚು. ಹೆಚ್ಚು ಬೆಲೆ ತೆತ್ತ ಬೆಂಬಲಿಗನಿಗೇ ತನ್ನ ಸಮಯದ ಮೇಲೆ ಹಿಡಿತ ಕಡಿಮೆ ಎಂಬುದು ನನಗೆ ಬಹಳ ಅನ್ಯಾಯವಾಗಿ ಕಾಣುತ್ತದೆ.

ಸೋಮವಾರ ರಾತ್ರಿ ಎಂಟಕ್ಕೆ ಶುರುವಾದ ಪಂದ್ಯ, ಹೆಚ್ಚುವರಿ ನಿಮಿಷಗಳೂ ಸೇರಿ ಮುಗಿಯುವಾಗ ಹತ್ತು ಗಂಟೆಯಾಗಿರುತ್ತದೆ. ಸಾವಿರಾರು ಜನ ಒಟ್ಟಿಗೇ ಹೊರಬರುವಾಗ ನಿಲ್ದಾಣದ ಬಾಗಿಲಲ್ಲಿ ಪೊಲೀಸರು ಸಾಲನ್ನು ತಡೆತಡೆದು ಬಿಡುತ್ತಾರೆ. ಪ್ಲಾಟ್‌ಫಾರ್ಮ್ ತಲುಪುವಷ್ಟರಲ್ಲಿ ನಿಮ್ಮ ಊರಿನ ಕೊನೆಯ ರೈಲು ಹೋಗಿರಬಹುದು. ಬೆಳಿಗ್ಗೆ ಬೇಗ ಕೆಲಸಕ್ಕೆ ಹೋಗಬೇಕಾದವರು, ಚಿಕ್ಕ ಮಕ್ಕಳನ್ನು ಕರೆದೊಯ್ಯುವವರು ಇಂತಹ ಪಂದ್ಯಗಳನ್ನು ಬಿಡುವುದೇ ಹೆಚ್ಚು. ಆದ್ದರಿಂದ ಟಿಕೆಟ್ ಕೊಳ್ಳುವ ಮೊದಲು ಆ ಕ್ಲಬ್ಬಿನ ಹಿಂದಿನ ವರ್ಷದ ತವರಿನ ಪಂದ್ಯಗಳು ಕೊನೆಗೆ ಯಾವ ದಿನ, ಎಷ್ಟು ಹೊತ್ತಿಗೆ ನಡೆದವು ಎಂಬುದನ್ನು ತೆಗೆದು ನೋಡಿ. ಒಂದೊಂದರ ಎದುರಿಗೂ ನೀವಾಗಿದ್ದರೆ ಹೋಗುತ್ತಿದ್ದಿರೋ ಇಲ್ಲವೋ ಎಂದು ಪ್ರಾಮಾಣಿಕವಾಗಿ ಗುರುತು ಹಾಕಿಕೊಳ್ಳಿ. ಜೂನ್ ತಿಂಗಳ ಹೊಸ ಪಟ್ಟಿಗಿಂತ ಕಳೆದ ವರ್ಷದ ಈ ಪಟ್ಟಿಯೇ ನಿಮಗೆ ಹೆಚ್ಚು ಸತ್ಯ ಹೇಳುತ್ತದೆ.

ನಮ್ಮವರಿಗೆ ಇನ್ನೊಂದು ವಿಶೇಷ ತೊಡಕಿದೆ. ಇಲ್ಲಿಂದ ಊರಿಗೆ ಹೋಗಿಬರಲು ಹೆಚ್ಚಿನ ಕುಟುಂಬಗಳು ಆರಿಸಿಕೊಳ್ಳುವುದು ಡಿಸೆಂಬರ್ ಕೊನೆಯ ಮತ್ತು ಜನವರಿ ಮೊದಲ ವಾರಗಳನ್ನು, ಅಂದರೆ ಶಾಲೆಗೂ ಕಚೇರಿಗೂ ರಜೆಯಿರುವ ಹೊತ್ತನ್ನು. ಇಂಗ್ಲಿಷ್ ಫುಟ್‌ಬಾಲಿನಲ್ಲಿ ಪಂದ್ಯಗಳು ಒಂದರ ಹಿಂದೊಂದು ಒತ್ತಾಗಿ ಬರುವುದು ಅದೇ ಹೊತ್ತಿನಲ್ಲಿ. ಆ ಒಂದು ಪ್ರಯಾಣದಲ್ಲೇ ಎರಡು ಮೂರು ತವರಿನ ಪಂದ್ಯಗಳು ಕೈತಪ್ಪಬಹುದು. ದೀಪಾವಳಿಯ ವಾರಾಂತ್ಯ, ನವೆಂಬರಿನಲ್ಲಿ ಕನ್ನಡ ಸಂಘದವರ ರಾಜ್ಯೋತ್ಸವ, ಪಾಳಿಯ ಕೆಲಸ ಇವೆಲ್ಲವನ್ನೂ ಕಳೆದರೆ 19ರಲ್ಲಿ 13 ಅಥವಾ 14 ಉಳಿಯುವುದು ತೀರ ಸಾಮಾನ್ಯ.

ಸದಸ್ಯತ್ವದೊಂದಿಗೆ ಹೋಲಿಸಿ

ಸೀಸನ್ ಟಿಕೆಟ್ ಇಲ್ಲದವರಿಗೆ ಹೆಚ್ಚಿನ ಕ್ಲಬ್ಬುಗಳು ವಾರ್ಷಿಕ ಸದಸ್ಯತ್ವ ಕೊಡುತ್ತವೆ. ಅದಕ್ಕೆ ಸಣ್ಣ ಶುಲ್ಕ ಕಟ್ಟಿದರೆ, ಬಿಡಿ ಪಂದ್ಯಗಳ ಟಿಕೆಟ್‌ಗಳು ಸಾರ್ವಜನಿಕರಿಗೆ ತೆರೆಯುವ ಮೊದಲೇ ಕೊಳ್ಳುವ ಅವಕಾಶ ಸಿಗುತ್ತದೆ. ಒಂದು ಉದಾಹರಣೆ ತೆಗೆದುಕೊಳ್ಳೋಣ. ಈ ಅಂಕಿಗಳು ಯಾವುದೇ ಒಂದು ಕ್ಲಬ್ಬಿನವಲ್ಲ, ಲೆಕ್ಕದ ಅನುಕೂಲಕ್ಕಾಗಿ ಇಟ್ಟುಕೊಂಡವು.

ಸೀಸನ್ ಟಿಕೆಟ್ ಬೆಲೆ 760 ಪೌಂಡ್ ಇದ್ದರೆ 19 ಪಂದ್ಯಗಳಿಗೆ ತಲಾ 40 ಪೌಂಡ್ ಬೀಳುತ್ತದೆ. ನೀವು ಹೋಗುವುದು 13 ಪಂದ್ಯಗಳಿಗೆ ಮಾತ್ರ ಎಂದಾದರೆ ಒಂದೊಂದಕ್ಕೆ 58 ಪೌಂಡಿಗಿಂತ ಹೆಚ್ಚಾಗುತ್ತದೆ. ಅದೇ ಕ್ಲಬ್ಬಿನಲ್ಲಿ ಸದಸ್ಯತ್ವಕ್ಕೆ 35 ಪೌಂಡ್, ಬಿಡಿ ಟಿಕೆಟ್ಟಿಗೆ 45 ಪೌಂಡ್ ಎಂದಿಟ್ಟುಕೊಂಡರೆ 13 ಪಂದ್ಯಗಳಿಗೆ ಒಟ್ಟು 620 ಪೌಂಡ್ ಸಾಕು. ಸೀಸನ್ ಟಿಕೆಟ್ ಅಗ್ಗವಾಗಬೇಕಾದರೆ ನೀವು ಕನಿಷ್ಠ 17 ಪಂದ್ಯಗಳಿಗೆ ಹೋಗಬೇಕು. ನಿಮ್ಮ ಕ್ಲಬ್ಬಿನ ಬೆಲೆಗಳನ್ನು ಇದೇ ರೀತಿ ಇಟ್ಟು ನೋಡಿ: ಸೀಸನ್ ಟಿಕೆಟ್ಟಿನ ಬೆಲೆಯಿಂದ ಸದಸ್ಯತ್ವದ ಶುಲ್ಕವನ್ನು ಕಳೆದು, ಉಳಿದದ್ದನ್ನು ಬಿಡಿ ಟಿಕೆಟ್ಟಿನ ಬೆಲೆಯಿಂದ ಭಾಗಿಸಿದರೆ ನಿಮ್ಮ ಗಡಿ ಸಂಖ್ಯೆ ಸಿಗುತ್ತದೆ.

ಇದಕ್ಕೆ ಎರಡು ತಿದ್ದುಪಡಿಗಳನ್ನು ಮಾಡಬೇಕು. ಮೊದಲನೆಯದು, ಎದುರಾಳಿ ಯಾರೆಂಬುದರ ಮೇಲೆ ಬಿಡಿ ಟಿಕೆಟ್ಟಿನ ಬೆಲೆ ಏರಿಳಿಯುತ್ತದೆ. ಜೊತೆಗೆ ಬೇಡಿಕೆಯಿರುವ ಪಂದ್ಯಗಳ ಟಿಕೆಟ್ ಸದಸ್ಯರಿಗೂ ಸಿಗದೇ ಹೋಗಬಹುದು. ಲಿವರ್‌ಪೂಲ್, ಆರ್ಸೆನಲ್, ಮ್ಯಾಂಚೆಸ್ಟರ್ ಯುನೈಟೆಡ್‌ನಂತಹ ಕ್ಲಬ್ಬುಗಳಲ್ಲಿ ಸದಸ್ಯತ್ವವೆಂದರೆ ಟಿಕೆಟ್ ಕೊಳ್ಳಲು ಸಾಲಿನಲ್ಲಿ ನಿಲ್ಲುವ ಅವಕಾಶವೇ ಹೊರತು ಟಿಕೆಟ್ಟಿನ ಭರವಸೆಯಲ್ಲ. ಎರಡನೆಯದು, ಹೋಗಲಾಗದ ಪಂದ್ಯದ ಆಸನವನ್ನು ಕ್ಲಬ್ಬಿನ ಅಧಿಕೃತ ವ್ಯವಸ್ಥೆಯ ಮೂಲಕವೇ ಇನ್ನೊಬ್ಬ ಸದಸ್ಯರಿಗೆ ಮಾರಲು ಹಲವು ಕಡೆ ಅವಕಾಶವಿದೆ. ಮೇಲಿನ ಉದಾಹರಣೆಯಲ್ಲಿ ಬಿಟ್ಟುಹೋದ ಆರು ಪಂದ್ಯಗಳಲ್ಲಿ ನಾಲ್ಕು ಹೀಗೆ ಮಾರಾಟವಾಗಿ, ಶೇ. 10 ಶುಲ್ಕ ಕಳೆದು ತಲಾ 36 ಪೌಂಡ್ ಮರಳಿದರೆ, ನಿಮ್ಮ ನಿಜವಾದ ಖರ್ಚು 616 ಪೌಂಡಿಗೆ ಇಳಿಯುತ್ತದೆ. ಅಂದರೆ ಸದಸ್ಯತ್ವದ ದಾರಿಗೂ ಇದಕ್ಕೂ ಹೆಚ್ಚು ವ್ಯತ್ಯಾಸ ಉಳಿಯುವುದಿಲ್ಲ. ಹೀಗಾಗಿ ಮರುಮಾರಾಟದ ನಿಯಮಗಳನ್ನು ಬೆಲೆಯಷ್ಟೇ ಗಮನವಿಟ್ಟು ಓದಬೇಕು. ಎಷ್ಟು ದಿನ ಮೊದಲು ಆಸನವನ್ನು ಮಾರಾಟಕ್ಕೆ ಇಡಬೇಕು, ಹಣ ನಗದಾಗಿ ಬರುತ್ತದೆಯೇ ಅಥವಾ ಮುಂದಿನ ವರ್ಷದ ನವೀಕರಣಕ್ಕೆ ಜಮೆಯಾಗುತ್ತದೆಯೇ, ಇಡೀ ಕ್ರೀಡಾಂಗಣ ತುಂಬಿದ ಮೇಲೆ ಮಾತ್ರ ನಿಮ್ಮ ಆಸನ ಮಾರಾಟಕ್ಕೆ ಬರುತ್ತದೆಯೇ ಎಂಬುದನ್ನು ತಿಳಿದುಕೊಳ್ಳಿ. ಹಣ ಮುಂದಿನ ವರ್ಷಕ್ಕೆ ಜಮೆಯಾಗುವ ಕಡೆ, ಊರಿಗೆ ಮರಳುವವರಿಗೆ ಆ ಹಣ ಸಿಕ್ಕೂ ಸಿಗದಂತೆಯೇ.

ಈ ವಿಷಯದಲ್ಲಿ ಒಂದು ಎಚ್ಚರಿಕೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಕ್ಲಬ್ಬಿನ ಅನುಮತಿಯಿಲ್ಲದೆ ಫುಟ್‌ಬಾಲ್ ಟಿಕೆಟ್ ಮಾರುವುದು 1994ರ ಕಾನೂನಿನಂತೆ ಅಪರಾಧ. ಸಂಗೀತ ಕಾರ್ಯಕ್ರಮದ ಟಿಕೆಟ್‌ಗಳಿಗೆ ಇಲ್ಲದ ಈ ನಿರ್ಬಂಧ ಫುಟ್‌ಬಾಲಿಗೆ ಇರುವುದು, ಎರಡು ತಂಡಗಳ ಬೆಂಬಲಿಗರು ಒಂದೇ ಕಡೆ ಬೆರೆತು ಗಲಾಟೆಯಾಗದಿರಲಿ ಎಂಬ ಕಾರಣಕ್ಕೆ. ವಾಟ್ಸ್‌ಆ್ಯಪ್ ಗುಂಪಿನಲ್ಲಿ "ಶನಿವಾರದ ಟಿಕೆಟ್ ಇದೆ, ಯಾರಿಗಾದರೂ ಬೇಕೇ" ಎಂದು ಬೆಲೆ ಹಾಕುವುದು ನಮ್ಮವರಲ್ಲಿ ಸಲೀಸಾಗಿ ನಡೆಯುತ್ತದೆ. ವೀಸಾದ ಮೇಲೆ ಇಲ್ಲಿರುವವರು ಖಂಡಿತವಾಗಿ ಇದರಿಂದ ದೂರವಿರಬೇಕು. ಸ್ನೇಹಿತರಿಗೆ ಕೊಡುವುದಿದ್ದರೆ ಕ್ಲಬ್ಬಿನ ಆ್ಯಪ್‌ನಲ್ಲಿರುವ ವರ್ಗಾವಣೆಯ ಮೂಲಕವೇ ಕೊಡಿ.

ನವೀಕರಣದ ಹಕ್ಕಿಗೆ ಎಷ್ಟು ಬೆಲೆ?

ಸೀಸನ್ ಟಿಕೆಟ್ ಹೊಂದಿರುವವರು ಬೆಲೆ ಏರಿದಾಗ ಗೊಣಗುತ್ತಲೇ ಮತ್ತೆ ಹಣ ಕಟ್ಟುವುದೇಕೆ ಎಂಬುದು ಹೊರಗಿನವರಿಗೆ ಅರ್ಥವಾಗುವುದಿಲ್ಲ. ಒಮ್ಮೆ ಬಿಟ್ಟರೆ ಆ ಆಸನ ಮರಳಿ ಸಿಗುವುದಿಲ್ಲ. ದೊಡ್ಡ ಕ್ಲಬ್ಬುಗಳಲ್ಲಿ ಕಾಯುವವರ ಪಟ್ಟಿ ಸಾವಿರಗಳಲ್ಲಿದ್ದು, ಅಪ್ಪ ಸೇರಿಸಿದ ಹೆಸರಿಗೆ ಮಗ ದೊಡ್ಡವನಾದ ಮೇಲೆ ಕರೆ ಬರುವುದೂ ಇದೆ. ಅಕ್ಕಪಕ್ಕದ ಆಸನಗಳಲ್ಲಿ ಇಪ್ಪತ್ತು ಮೂವತ್ತು ವರ್ಷಗಳಿಂದ ಕೂರುವವರು ಒಬ್ಬರ ಮನೆಯ ಮದುವೆಗೆ ಇನ್ನೊಬ್ಬರು ಹೋಗುವಷ್ಟು ಹತ್ತಿರವಾಗಿರುತ್ತಾರೆ. ಕ್ಲಬ್ಬುಗಳಿಗೆ ಈ ಬಾಂಧವ್ಯದ ಬೆಲೆ ಚೆನ್ನಾಗಿ ಗೊತ್ತು. 1991ರಲ್ಲಿ ವೆಸ್ಟ್ ಹ್ಯಾಮ್ ಕ್ಲಬ್ಬು ಆ ಹಕ್ಕನ್ನೇ ಬಿಡಿಸಿ ಮಾರಲು ಹೊರಟಿತ್ತು: ಬಾಂಡ್ ಹೆಸರಿನಲ್ಲಿ 500 ಪೌಂಡಿನಿಂದ 975 ಪೌಂಡಿನವರೆಗೆ ಕೊಟ್ಟವರಿಗೆ ಮುಂದೆ ಸೀಸನ್ ಟಿಕೆಟ್ ಕೊಳ್ಳುವ ಹಕ್ಕು ಸಿಗುತ್ತದೆ, ಟಿಕೆಟ್ಟಿನ ಹಣ ಬೇರೆ. ಬೆಂಬಲಿಗರು ಮೈದಾನಕ್ಕೇ ಇಳಿದು ಪ್ರತಿಭಟಿಸಿದರು. ಬಾಂಡ್ ಕೊಂಡವರು ಬಹಳ ಕಡಿಮೆ.

ಇಲ್ಲಿಯೇ ನೆಲೆಸುವ ನಿರ್ಧಾರ ಮಾಡಿದವರಿಗೆ, ಮಕ್ಕಳು ಇಲ್ಲೇ ಬೆಳೆಯುತ್ತಿರುವವರಿಗೆ ಈ ಹಕ್ಕು ನಿಜವಾಗಿಯೂ ಬೆಲೆಯುಳ್ಳದ್ದು. ಕೆಲವು ಪಂದ್ಯಗಳು ತಪ್ಪಿದರೂ ಸೀಸನ್ ಟಿಕೆಟ್ ಉಳಿಸಿಕೊಳ್ಳುವುದು ಅವರಿಗೆ ಸರಿಯಾದೀತು. ಆದರೆ ಈಚೆಗೆ ಹಲವು ಕ್ಲಬ್ಬುಗಳು, ವರ್ಷಕ್ಕೆ ಇಂತಿಷ್ಟು ಪಂದ್ಯಗಳಿಗಾದರೂ ಆಸನ ಬಳಕೆಯಾಗದಿದ್ದರೆ ನವೀಕರಣವಿಲ್ಲ ಎಂಬ ನಿಯಮ ತಂದಿವೆ. ನಿಮ್ಮ ಕ್ಲಬ್ಬಿನಲ್ಲಿ ಆ ಕನಿಷ್ಠ ಸಂಖ್ಯೆ ಎಷ್ಟು, ಸ್ನೇಹಿತರಿಗೆ ವರ್ಗಾಯಿಸಿದ ಪಂದ್ಯ ಲೆಕ್ಕಕ್ಕೆ ಸೇರುತ್ತದೆಯೇ ಎಂದು ಕೇಳಿಕೊಳ್ಳಿ. ಎರಡು ವರ್ಷದ ನಿಯೋಜನೆಯ ಮೇಲೆ ಬಂದವರು ಮಾತ್ರ, ನನ್ನ ಅಭಿಪ್ರಾಯದಲ್ಲಿ, ಈ ಹಕ್ಕಿಗಾಗಿ ಒಂದು ಪೌಂಡನ್ನೂ ಹೆಚ್ಚಾಗಿ ಕೊಡಬಾರದು.

ಆಸನವನ್ನು ಕಣ್ಣಾರೆ ನೋಡಿ

ಬೆಲೆ ಕಡಿಮೆಯಿರುವ ಆಸನಗಳು ಸಾಮಾನ್ಯವಾಗಿ ಗೋಲುಕಂಬದ ಹಿಂದೆ ಅಥವಾ ಮೂಲೆಗಳಲ್ಲಿರುತ್ತವೆ. ಗೋಲಿನ ಹಿಂದೆ ಕುಳಿತರೆ ಆಟದ ವಿನ್ಯಾಸ ಅಷ್ಟಾಗಿ ಕಾಣದಿದ್ದರೂ ಹಾಡು, ಕೂಗು, ಹುಮ್ಮಸ್ಸು ಎಲ್ಲವೂ ಅಲ್ಲೇ ಇರುತ್ತವೆ. ಹಳೆಯ ಕ್ರೀಡಾಂಗಣಗಳಲ್ಲಿ ಚಾವಣಿಯನ್ನು ಹೊತ್ತ ಕಂಬಗಳು ನೋಟಕ್ಕೆ ಅಡ್ಡ ಬರುತ್ತವೆ. ಕ್ರಿಸ್ಟಲ್ ಪ್ಯಾಲೆಸ್ ತಂಡದ ಸೆಲ್‌ಹರ್ಸ್ಟ್ ಪಾರ್ಕಿನಲ್ಲಿ ಆರ್ಥರ್ ವೇಟ್ ಸ್ಟ್ಯಾಂಡಿನ ಹಿಂದಿನ ಸಾಲುಗಳು ಇದಕ್ಕೆ ಒಳ್ಳೆಯ ಉದಾಹರಣೆ. ಕಂಬ ಸರಿಯಾಗಿ ಗೋಲಿನ ಮುಂದೆ ಬರುವ ಆಸನವಾದರೆ, ಮೂಲೆಯಿಂದ ಒದ್ದ ಚೆಂಡು ಗಾಳಿಗೇರುವುದು ಕಾಣುತ್ತದೆ, ಅದು ಇಳಿಯುವುದು ಕಾಣುವುದಿಲ್ಲ. ಗೋಲಾಯಿತೋ ಇಲ್ಲವೋ ಎಂಬುದು ಸುತ್ತಲಿನವರ ಗದ್ದಲದಿಂದಲೇ ತಿಳಿಯಬೇಕು. ಒಂದು ಪಂದ್ಯಕ್ಕೆ ಇದು ಸಹ್ಯ, ಇಡೀ ಋತುವಿಗೆ ಅಲ್ಲ. ಸಾಧ್ಯವಾದರೆ ಅದೇ ಬ್ಲಾಕಿನಲ್ಲಿ ಒಂದು ಬಿಡಿ ಪಂದ್ಯ ನೋಡಿಯೇ ಸೀಸನ್ ಟಿಕೆಟ್ಟಿಗೆ ಹಣ ಕಟ್ಟಿ.

ಸುರಕ್ಷಿತವಾಗಿ ನಿಂತು ನೋಡುವ ಜಾಗಗಳು ಈಗ ಮತ್ತೆ ಬಂದಿವೆ. 1989ರಲ್ಲಿ ಹಿಲ್ಸ್‌ಬರೊ ಕ್ರೀಡಾಂಗಣದ ನಿಂತು ನೋಡುವ ಜಾಗದಲ್ಲಿ ಜನ ಒತ್ತಿಕೊಂಡು ನಡೆದ ದುರಂತದಲ್ಲಿ 97 ಜನ ಪ್ರಾಣ ಕಳೆದುಕೊಂಡ ಮೇಲೆ, ನ್ಯಾಯಮೂರ್ತಿ ಟೇಲರ್ ಅವರ ವರದಿಯಂತೆ ಮೇಲಿನ ವಿಭಾಗಗಳ ಕ್ರೀಡಾಂಗಣಗಳೆಲ್ಲ ಆಸನಮಯವಾದವು. ಆಸನ ಹಾಕಿದರೆ ಬೆಲೆ ಏರಲೇಬೇಕೆಂದಿಲ್ಲ ಎಂಬುದಕ್ಕೆ ಅದೇ ವರದಿ ಗ್ಲಾಸ್ಗೋದ ಐಬ್ರಾಕ್ಸ್ ಕ್ರೀಡಾಂಗಣವನ್ನು ಉದಾಹರಿಸಿತ್ತು. ಅಲ್ಲಿ ಆಗ ಆಸನಕ್ಕೆ 6 ಪೌಂಡ್, ನಿಲ್ಲುವ ಜಾಗಕ್ಕೆ 4 ಪೌಂಡ್ ಇತ್ತು. ವರದಿಯ ಆಸನದ ಮಾತನ್ನು ಪಾಲಿಸಿದ ಕ್ಲಬ್ಬುಗಳು ಬೆಲೆಯ ಮಾತನ್ನು ಮರೆತವು. 2022–23ರಿಂದ ಕಂಬಿ ಅಳವಡಿಸಿದ ಆಸನಗಳ ಮುಂದೆ ನಿಂತು ನೋಡಲು ಪರವಾನಗಿ ಸಿಗುತ್ತಿದೆ. ಮಕ್ಕಳನ್ನು ಕರೆದೊಯ್ಯುವವರು ಆ ಬ್ಲಾಕುಗಳನ್ನು ಆರಿಸಬಾರದು, ಮುಂದಿನವರ ಬೆನ್ನಲ್ಲದೆ ಬೇರೇನೂ ಮಕ್ಕಳಿಗೆ ಕಾಣುವುದಿಲ್ಲ.

ರಿಯಾಯಿತಿ ಮತ್ತು ಕಂತು

ಮಕ್ಕಳು, ಯುವಕರು, ಹಿರಿಯ ನಾಗರಿಕರು, ಅಂಗವಿಕಲರು ಮತ್ತು ಅವರ ಸಹಾಯಕರಿಗೆ ಬೇರೆ ಬೇರೆ ದರಗಳಿರುತ್ತವೆ. ವಯಸ್ಸಿನ ಮಿತಿ ಕ್ಲಬ್ಬಿನಿಂದ ಕ್ಲಬ್ಬಿಗೆ ಬೇರೆ; ಯಾವ ದಿನಾಂಕಕ್ಕೆ ವಯಸ್ಸು ಎಣಿಸುತ್ತಾರೆ ಎಂಬುದನ್ನೂ ನೋಡಿ. ರಿಯಾಯಿತಿ ಎಲ್ಲ ಬ್ಲಾಕುಗಳಲ್ಲೂ ಇರುವುದಿಲ್ಲ. ಮಗುವಿನ ಟಿಕೆಟ್ಟಿನಲ್ಲಿ ದೊಡ್ಡವರು ಒಂದು ಪಂದ್ಯಕ್ಕೆ ಹೋಗಬೇಕಾದರೆ ಮೊದಲೇ ವ್ಯತ್ಯಾಸದ ಹಣ ಕಟ್ಟಬೇಕಾಗುತ್ತದೆ. ಬಾಗಿಲಿನ ಯಂತ್ರದ ಮೇಲೆ ಟಿಕೆಟ್ ಇರುವ ಫೋನ್ ಇಟ್ಟಾಗ ಅದು ಯಾವ ದರ್ಜೆಯ ಟಿಕೆಟ್ ಎಂಬುದು ಅಲ್ಲಿನ ಸಿಬ್ಬಂದಿಗೆ ತಿಳಿಯುವಂತೆ ದೀಪದ ವ್ಯವಸ್ಥೆ ಇರುತ್ತದೆ.

ಕಂತಿನ ವಿಷಯದಲ್ಲಿ ಹೆಚ್ಚು ಜಾಗರೂಕತೆ ಬೇಕು. ಕೆಲವು ಕ್ಲಬ್ಬುಗಳು ಬಡ್ಡಿಯಿಲ್ಲದೆ ಕಂತು ಕೊಡುತ್ತವೆ. ಇನ್ನು ಕೆಲವು ಹಣಕಾಸು ಕಂಪನಿಯ ಮೂಲಕ ಸಾಲ ಕೊಡಿಸುತ್ತವೆ. 760 ಪೌಂಡನ್ನು ಹತ್ತು ಕಂತುಗಳಲ್ಲಿ ಕಟ್ಟಲು 38 ಪೌಂಡ್ ಶುಲ್ಕ ಎಂದರೆ ಕೇವಲ ಶೇ. 5 ಎನಿಸುತ್ತದೆ. ಆದರೆ ಪ್ರತಿ ತಿಂಗಳೂ ಅಸಲು ಕರಗುತ್ತಾ ಹೋಗುವುದರಿಂದ ವಾರ್ಷಿಕ ಬಡ್ಡಿಯಾಗಿ ನೋಡಿದರೆ ಅದು ಶೇ. 11ರ ಆಸುಪಾಸಿನಲ್ಲಿರುತ್ತದೆ. ಇಂತಹ ಸಾಲಕ್ಕೆ ಸಾಲದ ಹಿನ್ನೆಲೆಯ ಪರಿಶೀಲನೆ ಇರುವುದರಿಂದ, ಈ ದೇಶಕ್ಕೆ ಹೊಸದಾಗಿ ಬಂದವರ ಅರ್ಜಿ ತಿರಸ್ಕೃತವಾಗುವ ಸಂಭವವೂ ಇದೆ. ಒಂದೇ ಸಲ ಕಟ್ಟುವ ಶಕ್ತಿ ಇಲ್ಲದಿದ್ದರೆ ಬಿಡಿ ಟಿಕೆಟ್ಟಿನ ದಾರಿಯೇ ಮೇಲು.

ಕೆಳಗಿನ ವಿಭಾಗಗಳ ಕಡೆಗೂ ನೋಡಿ

ನನ್ನ ಮನಸ್ಸಿಗೆ ಹತ್ತಿರವಾದ ಸಲಹೆ ಇದು. ನಿಮ್ಮ ಮನೆಗೆ ನಡೆದು ಹೋಗುವಷ್ಟು ದೂರದಲ್ಲಿ ಚಾಂಪಿಯನ್‌ಶಿಪ್, ಲೀಗ್ ಒನ್ ಅಥವಾ ಲೀಗ್ ಟೂ ಕ್ಲಬ್ಬೊಂದು ಇದ್ದರೆ, ನೂರು ಮೈಲಿ ದೂರದ ಪ್ರಸಿದ್ಧ ಕ್ಲಬ್ಬಿಗಿಂತ ಅದರ ಸೀಸನ್ ಟಿಕೆಟ್ ನಿಮಗೆ ಹೆಚ್ಚು ಕೊಡುತ್ತದೆ. ಪಂದ್ಯಗಳು 23. ಬಹಳಷ್ಟು ಪಂದ್ಯಗಳು ಈಗಲೂ ಶನಿವಾರ ಮೂರು ಗಂಟೆಗೇ ನಡೆಯುತ್ತವೆ. ರೈಲಿನ ಖರ್ಚಿಲ್ಲ. 25 ಪೌಂಡಿನ ರೈಲು ಟಿಕೆಟ್ಟನ್ನು 13 ಸಲ ಕೊಂಡರೆ 325 ಪೌಂಡ್ ಆಗುತ್ತದೆ. ಆ ಹಣದಲ್ಲೇ ಕೆಳಗಿನ ವಿಭಾಗದ ಅನೇಕ ಸೀಸನ್ ಟಿಕೆಟ್‌ಗಳ ಬಹುಪಾಲು ತೀರಿಹೋಗುತ್ತದೆ. ಮಕ್ಕಳ ಟಿಕೆಟ್‌ಗಳು ಇಲ್ಲಿ ತೀರ ಅಗ್ಗ. ದೊಡ್ಡವರ ಜೊತೆ ಉಚಿತವಾಗಿ ಬಿಡುವ ಕ್ಲಬ್ಬುಗಳೂ ಇವೆ. ತರಬೇತುದಾರನ ಹೆಸರನ್ನು ಹಿಡಿದು ಕೂಗುವ ಪಕ್ಕದ ಅಜ್ಜ ಮೂರನೆಯ ಪಂದ್ಯದ ಹೊತ್ತಿಗೆ ನಿಮ್ಮನ್ನು ಗುರುತು ಹಿಡಿದು ಮಾತನಾಡಿಸುತ್ತಾರೆ. ಹೊಸ ಊರಿನಲ್ಲಿ ಒಂಟಿತನ ಅನುಭವಿಸುವವರಿಗೆ ಇದು ಸಣ್ಣ ಲಾಭವಲ್ಲ.

ಈ ಕ್ಲಬ್ಬುಗಳು ವಸಂತದಲ್ಲೇ, ಹಿಂದಿನ ಋತು ಮುಗಿಯುವ ಮೊದಲೇ ಮುಂಗಡ ದರದಲ್ಲಿ ಟಿಕೆಟ್ ಮಾರುತ್ತವೆ. ಉಳಿತಾಯ ಒಳ್ಳೆಯದಿರುತ್ತದೆ, ಆದರೆ ತಂಡ ಮೇಲಿನ ವಿಭಾಗಕ್ಕೆ ಬಡ್ತಿ ಪಡೆಯುತ್ತದೋ ಕೆಳಗಿನ ವಿಭಾಗಕ್ಕೆ ಇಳಿಯುತ್ತದೋ ಎಂಬುದು ಆಗ ಗೊತ್ತಿರುವುದಿಲ್ಲ. ಕೆಳಗಿಳಿದರೆ ಬೆಲೆ ಇಳಿಸುತ್ತಾರೆಯೇ ಎಂಬುದನ್ನು ಷರತ್ತುಗಳಲ್ಲಿ ಹುಡುಕಿ. ಋತುವಿನ ನಡುವೆ ಬಂದವರು ಚಳಿಗಾಲದಲ್ಲಿ ಕೆಲವು ಕ್ಲಬ್ಬುಗಳು ಮಾರುವ ಅರ್ಧ ಋತುವಿನ ಟಿಕೆಟ್ ವಿಚಾರಿಸಬಹುದು.

ಮಹಿಳಾ ಫುಟ್‌ಬಾಲನ್ನು ಮರೆಯಬೇಡಿ. ಮಹಿಳಾ ಸೂಪರ್ ಲೀಗಿನಲ್ಲಿ 2025–26ರ ಋತುವಿನಲ್ಲಿ 12 ತಂಡಗಳಿದ್ದು, ತವರಿನ ಪಂದ್ಯಗಳು 11. ಆರ್ಸೆನಲ್ ಮಹಿಳಾ ತಂಡ ತನ್ನ ಲೀಗ್ ಪಂದ್ಯಗಳನ್ನು ಎಮಿರೇಟ್ಸ್ ಕ್ರೀಡಾಂಗಣದಲ್ಲೇ ಆಡುತ್ತದೆ. ಪುರುಷರ ಪಂದ್ಯಕ್ಕೆ ವರ್ಷಗಟ್ಟಲೆ ಕಾಯಬೇಕಾದ ಅದೇ ಕ್ರೀಡಾಂಗಣದಲ್ಲಿ, ಅದರ ಸಣ್ಣದೊಂದು ಪಾಲಿನ ಬೆಲೆಗೆ ಮಕ್ಕಳೊಂದಿಗೆ ಇಡೀ ಋತು ಕೂರಬಹುದು.

ಬೆಲೆ ಏರಿದಾಗ ಬೆಂಬಲಿಗರ ಕೈಯಲ್ಲೇನಿದೆ?

ಬೆಲೆ ಎಂಬುದು ಕ್ಲಬ್ಬು ಹೇಳಿದ ಹಾಗೆ ಒಪ್ಪಿಕೊಳ್ಳಬೇಕಾದ ವಿಧಿಯಲ್ಲ. 2016ರ ಫೆಬ್ರವರಿಯಲ್ಲಿ ಲಿವರ್‌ಪೂಲ್ ಕ್ಲಬ್ಬು ಹೊಸ ಸ್ಟ್ಯಾಂಡಿನ ದುಬಾರಿ ಟಿಕೆಟ್ಟಿಗೆ 77 ಪೌಂಡ್ ಎಂದು ಘೋಷಿಸಿದಾಗ, ಸಂಡರ್‌ಲ್ಯಾಂಡ್ ವಿರುದ್ಧದ ಪಂದ್ಯದ 77ನೆಯ ನಿಮಿಷದಲ್ಲಿ ಸಾವಿರಾರು ಜನ ಎದ್ದು ಹೊರನಡೆದರು. ಆಗ 2–0 ಮುಂದಿದ್ದ ತಂಡ ಪಂದ್ಯವನ್ನು 2–2ರಲ್ಲಿ ಮುಗಿಸಿತು. ಕೆಲವೇ ದಿನಗಳಲ್ಲಿ ಮಾಲೀಕರು ಆ ಬೆಲೆಯನ್ನು ಹಿಂದಕ್ಕೆ ಪಡೆದರು. ಅದೇ ವರ್ಷ ಪ್ರೀಮಿಯರ್ ಲೀಗ್ ಕ್ಲಬ್ಬುಗಳೆಲ್ಲ ಎದುರಾಳಿಯ ನೆಲಕ್ಕೆ ಹೋಗುವ ಬೆಂಬಲಿಗರ ಟಿಕೆಟ್ಟಿಗೆ 30 ಪೌಂಡಿನ ಮಿತಿ ಹಾಕಲು ಒಪ್ಪಿದವು. ವರ್ಷಗಟ್ಟಲೆ ಬೆಂಬಲಿಗರ ಸಂಘಗಳು ಪಟ್ಟುಹಿಡಿದು ಕೇಳಿದ್ದರಿಂದ ಅದು ಸಾಧ್ಯವಾಯಿತು. 2024ರ ಕೊನೆಯಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಋತುವಿನ ನಡುವೆಯೇ ಸದಸ್ಯರಿಗೆ ಮಾರಲು ಉಳಿದಿದ್ದ ಟಿಕೆಟ್‌ಗಳನ್ನು 66 ಪೌಂಡಿಗೆ ಏರಿಸಿ, ಮಕ್ಕಳಿಗೂ ಹಿರಿಯರಿಗೂ ರಿಯಾಯಿತಿ ಇಲ್ಲವೆಂದಾಗ ಎದ್ದ ಪ್ರತಿಭಟನೆಯಲ್ಲಿ ಬೇರೆ ಬೇರೆ ಕ್ಲಬ್ಬುಗಳ ಬೆಂಬಲಿಗರೂ ಕೈಜೋಡಿಸಿದರು. 2025ರ ಫುಟ್‌ಬಾಲ್ ಆಡಳಿತ ಕಾನೂನು ಟಿಕೆಟ್ ದರದ ಬಗ್ಗೆ ಬೆಂಬಲಿಗರೊಂದಿಗೆ ಸಮಾಲೋಚಿಸುವ ಹೊಣೆಯನ್ನು ಕ್ಲಬ್ಬುಗಳ ಮೇಲೆ ಹೊರಿಸಿದೆ.

ಜರ್ಮನಿಯ ಉದಾಹರಣೆಯೂ ನಮ್ಮ ಮುಂದಿದೆ. ಅಲ್ಲಿ ಕ್ಲಬ್ಬಿನ ಮತದಾನದ ಹಕ್ಕಿನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಸದಸ್ಯರ ಬಳಿಯೇ ಇರಬೇಕೆಂಬ ನಿಯಮವಿದೆ. ಬಯರ್ನ್ ಮ್ಯೂನಿಕ್ ತಂಡದ ನಿಂತು ನೋಡುವ ಸೀಸನ್ ಟಿಕೆಟ್ಟಿನ ಬೆಲೆ ಬಹಳ ವರ್ಷ 145 ಯೂರೋ ಆಗಿತ್ತು. ಅನೇಕ ಜರ್ಮನ್ ಕ್ಲಬ್ಬುಗಳ ಪಂದ್ಯದ ಟಿಕೆಟ್ಟಿನಲ್ಲಿ ಆ ದಿನದ ಸ್ಥಳೀಯ ರೈಲು, ಬಸ್ಸಿನ ಪ್ರಯಾಣವೂ ಸೇರಿರುತ್ತದೆ. ಬೆಂಬಲಿಗರು ಒಗ್ಗೂಡಿದರೆ ಅವರ ಮಾತಿಗೆ ತೂಕ ಬರುತ್ತದೆ. ಹಾಗಾಗಿ ನಿಮ್ಮ ಕ್ಲಬ್ಬಿನಲ್ಲಿ ಬೆಂಬಲಿಗರ ಪರವಾಗಿ ಮಾತನಾಡುವ ಸಂಘವಾದ ಬೆಂಬಲಿಗರ ಟ್ರಸ್ಟಿಗೆ ವರ್ಷಕ್ಕೆ ಕೆಲವು ಪೌಂಡ್ ಕೊಟ್ಟು ಸದಸ್ಯರಾಗಿ. ವೀಸಾದ ಮೇಲಿರುವವರೂ ಸೇರಬಹುದು.

ಬೆಂಗಳೂರಿನಲ್ಲಿ ಕೊಳ್ಳುವುದಾದರೆ

ಊರಿಗೆ ಮರಳಿದ ಮೇಲೆ ಬೆಂಗಳೂರು ಎಫ್‌ಸಿ ಪಂದ್ಯಗಳಿಗೆ ಹೋಗಲು ಬಯಸುವವರು ಇದೇ ಲೆಕ್ಕವನ್ನು ಸ್ವಲ್ಪ ಬದಲಿಸಿ ಬಳಸಬಹುದು. 2024–25ರ ಐಎಸ್‌ಎಲ್‌ನಲ್ಲಿ (ಇಂಡಿಯನ್ ಸೂಪರ್ ಲೀಗ್) 13 ತಂಡಗಳಿದ್ದು, ಪ್ರತಿ ತಂಡಕ್ಕೆ ತವರಿನಲ್ಲಿ 12 ಲೀಗ್ ಪಂದ್ಯಗಳು ಸಿಕ್ಕವು. ಕಂಠೀರವ ಕ್ರೀಡಾಂಗಣದಲ್ಲಿ ಮೈದಾನದ ಸುತ್ತ ಓಟದ ಪಥ ಇರುವುದರಿಂದ ಗೋಲಿನ ಹಿಂದಿನ ಆಸನಗಳು ಆಟದಿಂದ ಬಹಳ ದೂರ; ವೆಸ್ಟ್ ಬ್ಲಾಕ್ ಬ್ಲೂಸ್ ಬೆಂಬಲಿಗರ ಹಾಡು ಕೇಳುತ್ತಾ ನೋಡಲು ಪಶ್ಚಿಮ ಬದಿಯೇ ಉತ್ತಮ. ಕಬ್ಬನ್ ಪಾರ್ಕ್ ಮೆಟ್ರೊ ನಿಲ್ದಾಣ ಹತ್ತಿರದಲ್ಲಿದೆ. ಇಂಗ್ಲೆಂಡಿನಂತೆ ಟಿಕೆಟ್‌ಗಳ ಕೊರತೆ ಇಲ್ಲಿಲ್ಲವಾದ್ದರಿಂದ ನವೀಕರಣದ ಹಕ್ಕಿಗೆ ಹೆಚ್ಚು ಬೆಲೆಯಿಲ್ಲ. ಇಲ್ಲಿ ಮುಖ್ಯವಾಗಿ ಕೇಳಬೇಕಾದದ್ದು ಮರುಪಾವತಿಯ ಷರತ್ತನ್ನು. ಕೋವಿಡ್ ಕಾಲದಲ್ಲಿ 2020–21 ಮತ್ತು 2021–22ರ ಐಎಸ್‌ಎಲ್ ಪಂದ್ಯಗಳೆಲ್ಲ ಗೋವಾದಲ್ಲೇ ನಡೆದವು. 2025ರಲ್ಲಿ ಲೀಗ್ ನಡೆಸುವ ಒಪ್ಪಂದ ನವೀಕರಣವಾಗದೆ ಋತುವೇ ತಡವಾಯಿತು. ಪಂದ್ಯಗಳ ಸಂಖ್ಯೆ ಮತ್ತು ದಿನಾಂಕ ಪ್ರಕಟವಾಗುವ ಮೊದಲು ಇಡೀ ಋತುವಿನ ಹಣ ಕೊಡಬೇಡಿ.

ಇಂಗ್ಲೆಂಡಿನಿಂದ ಹೊರಡುವಾಗ

ಇಂಗ್ಲೆಂಡಿನ ಹಲವು ಸೀಸನ್ ಟಿಕೆಟ್‌ಗಳಲ್ಲಿ, ವಿಶೇಷವಾಗಿ ಕಂತಿನಲ್ಲಿ ಕಟ್ಟುವವರಿಗೆ, ಸ್ವಯಂ ನವೀಕರಣದ ಷರತ್ತಿರುವ ಸಾಧ್ಯತೆ ಇದೆ. ಬೇಡವೆಂದು ತಿಳಿಸಲು ವಸಂತದಲ್ಲಿ ಒಂದು ಕೊನೆಯ ದಿನಾಂಕ ಇರುತ್ತದೆ. ನಿಯೋಜನೆ ಮುಗಿಯುವ ಸೂಚನೆ ಸಿಕ್ಕ ಕೂಡಲೇ ಕ್ಲಬ್ಬಿನ ಟಿಕೆಟ್ ವಿಭಾಗಕ್ಕೆ ಲಿಖಿತವಾಗಿ ತಿಳಿಸಿ, ಅವರ ಉತ್ತರವನ್ನು ಉಳಿಸಿಕೊಳ್ಳಿ. ಕುಟುಂಬದ ಇನ್ನೊಬ್ಬರು ಇಲ್ಲೇ ಉಳಿಯುವುದಾದರೆ ಆಸನವನ್ನು ಅವರ ಹೆಸರಿಗೆ ವರ್ಗಾಯಿಸಲು ಸಾಧ್ಯವೇ ಎಂದು ಆಗಲೇ ಕೇಳಿ. ಕೆಲವು ಕ್ಲಬ್ಬುಗಳು ಹತ್ತಿರದ ಸಂಬಂಧಿಕರಿಗೆ ಮಾತ್ರ ಒಪ್ಪುತ್ತವೆ, ಕೆಲವು ಒಪ್ಪುವುದೇ ಇಲ್ಲ. ಮರುಮಾರಾಟದಿಂದ ಖಾತೆಗೆ ಜಮೆಯಾಗಿರುವ ಹಣವನ್ನು, ಇಲ್ಲಿನ ಬ್ಯಾಂಕ್ ಖಾತೆಯನ್ನು ಮುಚ್ಚುವ ಮೊದಲೇ ಹಿಂಪಡೆಯಿರಿ.